ಮನೆ ಕೊಡದವರಿಗೆ ಶಿಕ್ಷೆ ಇಲ್ಲ

ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆಯ 3ನೇ ಕಲಂ ಓದಿದ ಯಾರಿಗಾದರೂ ಮೊದಲಿಗೆ ಸಮಾಧಾನವೇ ಆಗುತ್ತದೆ. ಶಾಲೆ, ನೌಕರಿ, ಆಸ್ಪತ್ರೆ, ಬಾಡಿಗೆ ಮನೆ, ಸಾರ್ವಜನಿಕ ಹುದ್ದೆ ಎಂದು ಒಂದೊಂದನ್ನೂ ಹೆಸರಿಸಿ, ಇಲ್ಲೆಲ್ಲ ಯಾವ ವ್ಯಕ್ತಿಯಾಗಲಿ ಸಂಸ್ಥೆಯಾಗಲಿ ತಾರತಮ್ಯ ಮಾಡಕೂಡದು ಎಂದು ಅದು ಹೇಳುತ್ತದೆ. ಖಾಸಗಿಯವರನ್ನೂ ಬಿಟ್ಟಿಲ್ಲ. ನಾನು ಹೇಳುತ್ತಿರುವುದು 2019ರಲ್ಲಿ ಸಂಸತ್ತು ಒಪ್ಪಿದ ಪಠ್ಯದ ಬಗ್ಗೆ.

ಸಮಾಧಾನ ಉಳಿಯುವುದು 18ನೇ ಕಲಂ ತನಕ. ಶಿಕ್ಷೆಯ ಮಾತು ಇರುವುದು ಅಲ್ಲಿ: ಜೀತ, ಸಾರ್ವಜನಿಕ ಸ್ಥಳಕ್ಕೆ ಅಡ್ಡಿ, ಮನೆ ಅಥವಾ ಊರಿನಿಂದ ಹೊರದಬ್ಬುವುದು, ಹಿಂಸೆ. ಇದ್ದ ಮನೆಯಿಂದ ಓಡಿಸಿದರೆ ಅಪರಾಧ. ಮನೆಯನ್ನೇ ಕೊಡದಿದ್ದರೆ? ಕೆಲಸದಿಂದ ತೆಗೆದರೆ, ಶಾಲೆಗೆ ಸೇರಿಸಿಕೊಳ್ಳದಿದ್ದರೆ, ಆಸ್ಪತ್ರೆಯ ಬಾಗಿಲಲ್ಲೇ ವಾಪಸು ಕಳಿಸಿದರೆ? 3ನೇ ಕಲಂ ಮುರಿದವರಿಗೆ ಇಂಥ ಶಿಕ್ಷೆ ಎಂಬ ಒಂದು ಸಾಲೂ ಕಾಯ್ದೆಯಲ್ಲಿಲ್ಲ.

ಅಂಥ ಶಿಕ್ಷೆಯ ಸಾಲು ಬರೆಯಲು ನಮ್ಮ ಸಂಸತ್ತಿಗೆ ಬರುವುದಿಲ್ಲವೆಂದಲ್ಲ. ಅಸ್ಪೃಶ್ಯತೆಯ ವಿರುದ್ಧ 1955ರಲ್ಲೇ ಅದು ಕಾಯ್ದೆ ಮಾಡಿತು. ಅಂಗಡಿ, ಹೋಟೆಲಿಗೆ ಬಿಡದವರಿಗೆ, ಯಾವುದೇ ಕೇರಿಯಲ್ಲಿ ಮನೆ ಮಾಡಿ ವಾಸಿಸಲು ತಡೆಯೊಡ್ಡಿದವರಿಗೆ ಅದರಲ್ಲಿ ಜೈಲುಶಿಕ್ಷೆ ಇದೆ. ಆ ಕಾಯ್ದೆ ನಡೆದದ್ದು ಕುಂಟುತ್ತಲೇ, ನಿಜ. ಆದರೂ ಠಾಣೆಗೆ ಹೋದವರ ದೂರು ಬರೆದುಕೊಳ್ಳಲು ಒಂದು ಕಲಂ ಇತ್ತು. ಅರವತ್ತನಾಲ್ಕು ವರ್ಷಗಳ ನಂತರ ಬರೆದ ಕಾಯ್ದೆಯಲ್ಲಿ ಅಷ್ಟೂ ಇಲ್ಲವೆಂಬುದು ನನಗೆ ಮರೆವಿನಂತೆ ಕಾಣುವುದಿಲ್ಲ.

ಇರುವ ಶಿಕ್ಷೆಯ ಅಳತೆಯನ್ನೂ ನೋಡಿ. ಲೈಂಗಿಕ ದೌರ್ಜನ್ಯವೂ ಸೇರಿ ಎಲ್ಲಕ್ಕೂ ಆರು ತಿಂಗಳಿಂದ ಎರಡು ವರ್ಷ. ಮಹಿಳೆಯ ಮೇಲಿನ ಅತ್ಯಾಚಾರಕ್ಕಾದರೆ ಕನಿಷ್ಠ 10 ವರ್ಷ. ಒಂದೇ ನೋವಿಗೆ ಎರಡು ತಕ್ಕಡಿ.

ನನ್ನನ್ನು ಹೆಚ್ಚು ಕಾಡುವುದು 12ನೇ ಕಲಂ. ಮಗುವನ್ನು ಹೆತ್ತವರು ನೋಡಿಕೊಳ್ಳಲಾಗದಿದ್ದರೆ ನ್ಯಾಯಾಲಯ ಪುನರ್ವಸತಿ ಕೇಂದ್ರಕ್ಕೆ ಕಳಿಸಬೇಕಂತೆ. ಹೊಡೆತ ತಿಂದು ಮನೆಬಿಟ್ಟವರು ಎಲ್ಲಿಗೆ ಹೋಗುತ್ತಾರೆಂದು ಬೆಂಗಳೂರಿನ ಹಮಾಮುಗಳನ್ನು, ಅಂದರೆ ಹಿಜ್ರಾಗಳು ಒಟ್ಟಾಗಿ ಬಾಳುವ ಸ್ನಾನದ ಮನೆಗಳನ್ನು, ಬಲ್ಲವರನ್ನು ಕೇಳಬೇಕು. ಅಲ್ಲಿ ಗುರುವೇ ತಾಯಿ, ಚೇಲಾ ಮಗಳು. ಬಳ್ಳಾರಿ ಸೀಮೆಯ ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿಯವರು ಜೋಗತಿ ನೃತ್ಯ ಕಲಿತದ್ದು ಕಾಳವ್ವ ಜೋಗತಿಯ ಬಳಿ. ಮುಂದೆ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ಪದ್ಮಶ್ರೀ ಪಡೆದರು. ಹಮಾಮಿನಲ್ಲೂ ಜೋಗತಿಯರ ಮೇಳದಲ್ಲೂ ಕಷ್ಟ, ದಬ್ಬಾಳಿಕೆ ಇರಬಹುದು. ಆದರೂ ರಕ್ತಸಂಬಂಧ ಕೈಬಿಟ್ಟಾಗ ಅನ್ನ ಇಟ್ಟವರನ್ನು ಕುಟುಂಬವೆಂದು ಕಾಯ್ದೆ ಗುರುತಿಸಲೇ ಇಲ್ಲ.

ಮೀಸಲಾತಿಯ ವಿಷಯದಲ್ಲಿ ಕರ್ನಾಟಕ ಮುಂದೆ ಹೋಯಿತು. ಸುಪ್ರೀಂ ಕೋರ್ಟ್ 2014ರ ನಾಲ್ಸಾ ತೀರ್ಪಿನಲ್ಲಿ ಹೇಳಿದ್ದ ಮೀಸಲಾತಿಯನ್ನು ಕೇಂದ್ರದ ಕಾಯ್ದೆ ಕೈಬಿಟ್ಟಿತ್ತು. ಸಂಗಮ ಸಂಸ್ಥೆ ಹೈಕೋರ್ಟಿಗೆ ಹೋದ ಮೇಲೆ, 2021ರಲ್ಲಿ ರಾಜ್ಯ ಸರ್ಕಾರ ನೇರ ನೇಮಕಾತಿಯಲ್ಲಿ ಶೇ. 1ರಷ್ಟು ಹುದ್ದೆಗಳನ್ನು ಮೀಸಲಿಟ್ಟಿತು. ಚಿಕ್ಕ ಸಂಖ್ಯೆ, ಆದರೆ ಹುದ್ದೆ ಕೊಡದಿದ್ದರೆ ಲೆಕ್ಕ ಕೇಳಬಹುದು.

ಬಾಡಿಗೆ ಮನೆ, ಆಸ್ಪತ್ರೆ, ಖಾಸಗಿ ನೌಕರಿಯ ವಿಷಯದಲ್ಲಿ ಅಂಥ ಲೆಕ್ಕ ಕೇಳಲು ಶಿಕ್ಷೆಯ ಬಲವನ್ನು 2019ರ ಪಠ್ಯ ಕೊಟ್ಟಿಲ್ಲ. ನಮ್ಮ ಸಂಸದರು 3ನೇ ಕಲಂಗೆ ಶಿಕ್ಷೆಯನ್ನೂ ಪರಿಹಾರವನ್ನೂ ಸೇರಿಸುವ ತಿದ್ದುಪಡಿ ತರಲಿ. 1955ರ ಕಾಯ್ದೆಯ ಮಾದರಿ ಅವರ ಕೈಯಲ್ಲೇ ಇದೆ.