ಕಜ್ಜಿ ಚೀಟಿಗೊಂದು ಟೀಕು

ಅಜೆಕಾರಿನ ಕಡೆ ಆಟಿ ತಿಂಗಳ ಮಳೆಯಲ್ಲಿ ಬೆರಳಸಂದು ಕೆರೆದುಕೊಳ್ಳುತ್ತ ಬಂದವರಿಗೆ ಡಾಕ್ಟರು ಮುಲಾಮಿನ ಜೊತೆ ಚೀಟಿಯಲ್ಲಿ ಬರೆದುಕೊಡುವುದು ನಾಲ್ಕೇ ಸಾಲು. ನೋಡಲು ಸರಳ, ಟೀಕು ಬೇಕಾದಷ್ಟು ಗಹನ.

‘ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ.’
ತುರಿಸುವಲ್ಲಿಗೆ ಮಾತ್ರವಲ್ಲ ಎಂದರ್ಥ. ಕಜ್ಜಿಯ ಹುಳ ತೆಂಗಿನಕಾಯಿ ಕೆಡಿಸುವ ನುಸಿಯ ದೂರದ ನೆಂಟ, ಅರ್ಧ ಮಿಲಿಮೀಟರ್ ಕೂಡ ಇಲ್ಲ. ಹೆಣ್ಣು ಚರ್ಮದ ಮೇಲ್ಪದರದಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ. ಸಾಮಾನ್ಯವಾಗಿ ಒಂದು ಮೈಯಲ್ಲಿ ಇರುವುದು ಹತ್ತು ಹದಿನೈದೇ. ಗುಳ್ಳೆಗಳೆಲ್ಲ ಅವುಗಳ ಮನೆಯಲ್ಲ.

‘ಮನೆಮಂದಿಯೆಲ್ಲ ಒಂದೇ ರಾತ್ರಿ.’
ಚೀಟಿಯ ಜೀವ ಇಲ್ಲಿದೆ. ಜನ ಮೀರುವುದೂ ಇದನ್ನೇ. ‘ನನಗೆ ತುರಿಕೆಯೇ ಇಲ್ಲವಲ್ಲ’ ಎನ್ನುತ್ತಾರೆ ಅಜ್ಜಿ. ಆದರೆ ಮೊದಲ ಸಲ ಹತ್ತಿದಾಗ ತುರಿಕೆ ಏಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹಾಸ್ಟೆಲಿನಿಂದ ರಜೆಗೆ ಬಂದ ಮೊಮ್ಮಗ ಏನೂ ಅರಿಯದೆ ಅಜ್ಜಿಯ ಪಕ್ಕ ಮಲಗಿ, ತಿರುಗಿ ಹೋಗಿಯೂ ಆಗಿರುತ್ತದೆ. ಫಿಜಿಯಲ್ಲಿ ದ್ವೀಪಕ್ಕೆ ದ್ವೀಪವನ್ನೇ ಒಂದು ಮನೆಯೆಂದು ಎಣಿಸಿ ಎಲ್ಲರಿಗೂ ಐವರ್‌ಮೆಕ್ಟಿನ್ ಮಾತ್ರೆ ಕೊಟ್ಟರು. ಶೇಕಡಾ 32ರಷ್ಟಿದ್ದ ಕಜ್ಜಿ ವರ್ಷದಲ್ಲಿ ಶೇಕಡಾ 2ಕ್ಕಿಂತ ಕೆಳಗಿಳಿಯಿತು. 2015ರಲ್ಲಿ ಪ್ರಕಟವಾದ ಲೆಕ್ಕ ಇದು. ರೋಗಿಗಳು ಮತ್ತು ಅವರ ಒಡನಾಡಿಗಳಿಗೆ ಮಾತ್ರ ಮುಲಾಮು ಕೊಟ್ಟಲ್ಲಿ ಅರ್ಧದಷ್ಟೇ ಇಳಿದಿತ್ತು.

‘ವಾರ ಬಿಟ್ಟು ಮತ್ತೊಮ್ಮೆ.’
ಉಳಿದ ಮೊಟ್ಟೆ ಒಡೆದು ಬಂದ ಮರಿಗಳಿಗಾಗಿ.

‘ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ.’
ಬಚ್ಚಲ ಹಂಡೆಯಲ್ಲಿ ಬಿಸಿನೀರುಂಟು. ಘಟ್ಟದ ಬುಡದಲ್ಲಿ ಆಟಿಗೆ ಬಿಸಿಲೆಲ್ಲಿ? ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಮೂರು ದಿನ ಇಟ್ಟರೂ ಆದೀತು. ಮೈ ಬಿಟ್ಟ ಹುಳ ಅದಕ್ಕಿಂತ ಹೆಚ್ಚು ಬದುಕುವುದು ಅಪರೂಪ. ತಂಪು, ತೇವ ಇದ್ದರೆ ಮಾತ್ರ ತುಸು ಹೆಚ್ಚು. ಎರಡನೇ ಮಹಾಯುದ್ಧದ ಕಾಲಕ್ಕೆ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಕೆನೆತ್ ಮೆಲನ್‌ಬಿ ಎಂಬವರು ಸ್ವಯಂಸೇವಕರನ್ನು ಕಜ್ಜಿಯವರ ಹೊದಿಕೆಗಳಲ್ಲೇ ಮಲಗಿಸಿ ನೋಡಿದ್ದರು. ರೋಗ ಹತ್ತಿದ್ದು ಬೆರಳೆಣಿಕೆಯವರಿಗೆ. ಹೊದಿಕೆಗಿಂತ ಹೊದ್ದವರೇ ದಾಟಿಸುವುದು ಹೆಚ್ಚು. ಚಳಿಗೆ, ಮಳೆಗೆ ಜನ ಒತ್ತಿ ಮಲಗುವ ತಿಂಗಳುಗಳಲ್ಲೂ, ಯುದ್ಧದ ಇಕ್ಕಟ್ಟಿನಲ್ಲೂ ಕಜ್ಜಿ ಏರುವುದು ಇದರಿಂದಲೇ. ಕೊಳಕಿನ ರೋಗವೆಂದು ಮೂಗು ಮುರಿಯುವವರು ಈ ಸಾಲನ್ನು ಇನ್ನೊಮ್ಮೆ ಓದಲಿ.

ಚೀಟಿಯಲ್ಲಿ ಬಿಟ್ಟುಹೋಗುವ ಐದನೆಯ ಸಾಲೊಂದಿದೆ: ಹುಳ ಸತ್ತ ಮೇಲೂ ತುರಿಕೆ ಎರಡು ಮೂರು ವಾರ ಇರುತ್ತದೆ. ಅದು ಗೊತ್ತಿಲ್ಲದೆ ಮುಲಾಮಿನ ಮೇಲೆ ಮುಲಾಮು ಬಳಿದು, ಸಾಲದೆಂದು ಗಂಧಕವನ್ನೂ ಎಣ್ಣೆಗೆ ಕಲಸಿ ಉಜ್ಜಿದವರು ಮತ್ತೆ ಅದೇ ಬೆಂಚಿನಲ್ಲಿ ಕೂತಿರುತ್ತಾರೆ, ಈ ಸಲ ಉರಿಗೆ.