ಕಟ್ಟಳೆ, ಚರಿತ್ರೆ ಮತ್ತು ನೀತಿ: ಅಭಿವೃದ್ಧಿಯ ಸಾಂಸ್ಥಿಕ ಸಿದ್ಧಾಂತದ ವಿಮರ್ಶೆ

ಬಡ ದೇಶಗಳು ಏಕೆ ಬಡವಾಗಿಯೇ ಉಳಿದವು ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಅರ್ಥಶಾಸ್ತ್ರವು ಬಂಡವಾಳದ ಕೊರತೆಯಲ್ಲಿ ಉತ್ತರವನ್ನು ಹುಡುಕಿತ್ತು. ಶತಮಾನದ ಕೊನೆಯ ವೇಳೆಗೆ ಈ ಹುಡುಕಾಟದ ದಿಕ್ಕು ಬದಲಾಯಿತು. ಡಗ್ಲಾಸ್ ನಾರ್ತ್ ಅವರ 1990ರ ಕೃತಿಯೂ, ಡೇರನ್ ಅಸೆಮೊಗ್ಲು, ಸೈಮನ್ ಜಾನ್ಸನ್ ಮತ್ತು ಜೇಮ್ಸ್ ರಾಬಿನ್‌ಸನ್ ಅವರ 2001ರ ಪ್ರಬಂಧವೂ ಆಸ್ತಿ ಹಕ್ಕು, ನ್ಯಾಯ, ಅಧಿಕಾರದ ಹಂಚಿಕೆ ಇವುಗಳನ್ನು ಚರ್ಚೆಯ ಕೇಂದ್ರಕ್ಕೆ ತಂದವು. ನಾರ್ತ್ ಅವರಿಗೆ 1993ರಲ್ಲಿ, ಉಳಿದ ಮೂವರಿಗೆ 2024ರಲ್ಲಿ ನೊಬೆಲ್ ಪುರಸ್ಕಾರ ದೊರೆತಿರುವುದು ಈ ಸಿದ್ಧಾಂತಕ್ಕೆ ಇಂದು ಇರುವ ಮಾನ್ಯತೆಯನ್ನು ಸೂಚಿಸುತ್ತದೆ. ಮಾನ್ಯತೆ ಹೆಚ್ಚಿದಷ್ಟೂ ಪರಿಶೀಲನೆಯ ಅಗತ್ಯವೂ ಹೆಚ್ಚುತ್ತದೆ.

ಕನ್ನಡದಲ್ಲಿ ಈ ಪರಿಶೀಲನೆಗೆ ಮೊದಲ ತೊಡಕು ಪರಿಭಾಷೆಯದು. ನಾರ್ತ್ ಅವರು ಆಟದ ನಿಯಮಗಳನ್ನೂ ಆಟಗಾರರನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ಕನ್ನಡದ ‘ಸಂಸ್ಥೆ’ ಎಂಬ ಪದವಾದರೋ ಬ್ಯಾಂಕು, ಶಾಲೆ, ಸಹಕಾರ ಸಂಘ ಮುಂತಾದ ಆಟಗಾರರನ್ನೇ ಕಣ್ಮುಂದೆ ತರುತ್ತದೆ. ಹೀಗಾಗಿ ‘ಸಂಸ್ಥೆಗಳನ್ನು ಬಲಪಡಿಸಬೇಕು’ ಎಂಬ ಮಾತು ಹೊಸ ಕಟ್ಟಡ, ಹೊಸ ನಿಗಮ, ಹೊಸ ಮಂಡಳಿಗಳ ಸ್ಥಾಪನೆಯಾಗಿ ಅರ್ಥಾಂತರ ಹೊಂದುತ್ತದೆ. ನಿಯಮ, ರೂಢಿ, ಹಕ್ಕುಗಳೆಲ್ಲವನ್ನೂ ಒಳಗೊಳ್ಳುವ ‘ಕಟ್ಟಳೆ’ ಎಂಬ ಪದವು ಈ ಪರಿಕಲ್ಪನೆಗೆ ಹೆಚ್ಚು ಹತ್ತಿರವಾದುದು.

ಭಾರತದ ಮಟ್ಟಿಗೆ ಈ ಸಿದ್ಧಾಂತದ ಅತ್ಯಂತ ಗಂಭೀರ ಪ್ರಯೋಗವೆಂದರೆ ಅಭಿಜಿತ್ ಬ್ಯಾನರ್ಜಿ ಮತ್ತು ಲಕ್ಷ್ಮಿ ಅಯ್ಯರ್ ಅವರ 2005ರ ಅಧ್ಯಯನ. 1793ರಲ್ಲಿ ಬಂಗಾಳದಲ್ಲಿ ಕಾಯಂ ಜಮೀನ್ದಾರಿ ಜಾರಿಗೆ ಬಂದಿತು. ಮದರಾಸು ಪ್ರಾಂತದ ಬಹುಭಾಗದಲ್ಲಿ ಮನ್ರೋ ಅವರ ಹೆಸರಿನೊಂದಿಗೆ ಬೆರೆತ ರೈತವಾರಿ ಪದ್ಧತಿ ನೆಲೆಗೊಂಡಿತು. ಜಮೀನ್ದಾರಿಯಿದ್ದ ಜಿಲ್ಲೆಗಳು ಸ್ವಾತಂತ್ರ್ಯಾನಂತರವೂ ಕೃಷಿ ಹೂಡಿಕೆ ಮತ್ತು ಇಳುವರಿಯಲ್ಲಿ ಹಿಂದೆ ಬಿದ್ದವು ಎಂಬುದು ಈ ವಿದ್ವಾಂಸರ ನಿರ್ಣಯ. ರದ್ದಾದ ಕಟ್ಟಳೆಯ ನೆರಳು ದಶಕಗಳ ನಂತರವೂ ಹೊಲದ ಮೇಲೆ ಬಿದ್ದಿರುತ್ತದೆ ಎಂಬ ಈ ಒಳನೋಟವು ಮೌಲಿಕವಾದುದು.

ಆದರೆ ದಕ್ಷಿಣ ಕನ್ನಡದ ಉದಾಹರಣೆಯು ಈ ವರ್ಗೀಕರಣದ ಮಿತಿಯನ್ನು ತೋರುತ್ತದೆ. ದಾಖಲೆಯಂತೆ ಅದು ರೈತವಾರಿ ಪ್ರದೇಶ. ಸರ್ಕಾರವು ‘ರೈತ’ನೆಂದು ಗುರುತಿಸಿ ಕಂದಾಯ ವಸೂಲು ಮಾಡಿದ್ದು ಅನೇಕ ಕಡೆ ಒಡೆಯನಿಂದ, ಉಳುತ್ತಿದ್ದವನು ಮೂಲಗೇಣಿದಾರ ಅಥವಾ ಯಾವ ಭದ್ರತೆಯೂ ಇಲ್ಲದ ಚಾಲಗೇಣಿದಾರ. ರೈತವಾರಿ ಎಂಬ ಹೆಸರಿನ ಕೆಳಗೆ ಪ್ರಬಲವಾದ ಭೂಮಾಲಿಕತ್ವವೇ ಬೆಳೆದಿತ್ತು. ಅದೇ ನೆಲದಲ್ಲಿ 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳ ಮೂಲರೂಪಗಳು, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಗೇಣಿಯ ಅಸಮಾನತೆಯೂ ಉಳಿತಾಯದ ಶಿಸ್ತೂ ಒಂದೇ ಊರಿನಲ್ಲಿ ಒಟ್ಟಿಗೆ ಬಾಳಿದವು. ಒಂದು ಜಿಲ್ಲೆಗೆ ಒಂದೇ ಕಟ್ಟಳೆಯ ಮುದ್ರೆಯೊತ್ತುವ ವಿಧಾನಕ್ಕೆ ಈ ಸಂಕೀರ್ಣತೆ ನಿಲುಕುವುದಿಲ್ಲ.

ಲಕ್ಷ್ಮಿ ಅಯ್ಯರ್ ಅವರ 2010ರ ಮತ್ತೊಂದು ಅಧ್ಯಯನದ ಪ್ರಕಾರ ಬ್ರಿಟಿಷರ ನೇರ ಆಳ್ವಿಕೆಗೆ ಒಳಪಟ್ಟ ಪ್ರದೇಶಗಳಲ್ಲಿ ಶಾಲೆ, ಆರೋಗ್ಯ ಕೇಂದ್ರ, ರಸ್ತೆಗಳು ದೇಶೀಯ ಸಂಸ್ಥಾನಗಳಿಗಿಂತ ಕಡಿಮೆ. ಮೈಸೂರು ಇದಕ್ಕೆ ಒಪ್ಪುವಂತೆ ಕಾಣುತ್ತದೆ: 1881ರ ಪ್ರಜಾಪ್ರತಿನಿಧಿ ಸಭೆ, 1902ರ ಶಿವನಸಮುದ್ರ ವಿದ್ಯುತ್ ಕೇಂದ್ರ, 1913ರ ಮೈಸೂರು ಬ್ಯಾಂಕು, 1916ರ ವಿಶ್ವವಿದ್ಯಾಲಯ, 1923ರ ಭದ್ರಾವತಿ ಕಬ್ಬಿಣ ಕಾರ್ಖಾನೆ ಇದಕ್ಕೆ ಸಾಕ್ಷಿ. ಆದರೆ ಹೈದರಾಬಾದ್ ಕೂಡ ಸಂಸ್ಥಾನವೇ. ಅದರ ಕನ್ನಡ ಜಿಲ್ಲೆಗಳಲ್ಲಿ ಜಾಗೀರುಗಳು 1949ರವರೆಗೆ ಉಳಿದವು. ಕಲಬುರಗಿ ತನ್ನ ವಿಶ್ವವಿದ್ಯಾಲಯಕ್ಕಾಗಿ 1980ರವರೆಗೆ ಕಾಯಬೇಕಾಯಿತು. ದೊರೆ ದೇಶೀಯನೇ ಪರಕೀಯನೇ ಎಂಬುದಕ್ಕಿಂತ ಬೊಕ್ಕಸದ ಹಣ ಎಲ್ಲಿ ವಿನಿಯೋಗವಾಯಿತು ಎಂಬುದೇ ನಿರ್ಣಾಯಕವೆಂಬುದು ಈ ಹೋಲಿಕೆಯಿಂದ ಸ್ಪಷ್ಟವಾಗುತ್ತದೆ.

ಈ ಅಂತರವನ್ನು 2002ರ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯು ಅಂಕಿಗಳಲ್ಲಿ ಹಿಡಿದಿಟ್ಟಿತು. ಹಿಂದುಳಿದವೆಂದು ಗುರುತಿಸಲಾದ 114 ತಾಲ್ಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು. ಅವುಗಳಲ್ಲಿ 21 ಗುಲ್ಬರ್ಗಾ ವಿಭಾಗಕ್ಕೆ ಸೇರಿದ್ದವು. ಇದು ಚರಿತ್ರೆಯ ಭಾರ. ಆದರೆ ಅದೇ ಪಟ್ಟಿಯಲ್ಲಿ 13 ತಾಲ್ಲೂಕುಗಳು ದಕ್ಷಿಣದ ಬೆಂಗಳೂರು ಮತ್ತು ಮೈಸೂರು ವಿಭಾಗಗಳವು. ಪ್ರಗತಿಪರ ಸಂಸ್ಥಾನವೆಂಬ ಕೀರ್ತಿಯ ನೆರಳಿನಲ್ಲಿಯೂ ಬರಡು ಉಳಿದಿತ್ತು. ಚರಿತ್ರೆಯೊಂದೇ ಕಾರಣವಾಗಿದ್ದರೆ ಈ 13ಕ್ಕೆ ವಿವರಣೆ ದೊರೆಯುವುದಿಲ್ಲ.

ನೀತಿಯ ಶಕ್ತಿಗೆ ಭೂಸುಧಾರಣೆಯ ಇತಿಹಾಸವೇ ನಿದರ್ಶನ. 1961ರ ಕಾಯಿದೆಯು ಗೇಣಿದಾರನಿಗೆ ರಕ್ಷಣೆಯ ಭರವಸೆ ನೀಡಿದರೂ ಒಡೆಯರು ಸ್ವಂತ ಸಾಗುವಳಿಯ ಹೆಸರಿನಲ್ಲಿ ಭೂಮಿಯನ್ನು ಮರಳಿ ಪಡೆಯಲು ದಾರಿ ಬಿಟ್ಟಿತ್ತು. ದೇವರಾಜ ಅರಸು ಸರ್ಕಾರದ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನೇ ಕೊನೆಗಾಣಿಸಿತು. ತಾಲ್ಲೂಕು ಮಟ್ಟದ ಭೂ ನ್ಯಾಯಮಂಡಳಿಗಳಲ್ಲಿ ಪರಿಶಿಷ್ಟ ವರ್ಗದ ಸದಸ್ಯರಿಗೆ ಸ್ಥಾನವಿತ್ತು. ಆರಂಭದಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ನಾಡು ಅದೇ, ಚರಿತ್ರೆ ಅದೇ. ಕಟ್ಟಳೆಯ ವಿವರ ಬದಲಾದಾಗ ಫಲವೂ ಬದಲಾಯಿತು. ಕರಾವಳಿ ಮತ್ತು ಮಲೆನಾಡಿನ ಗೇಣಿದಾರರು ಒಡೆಯರಾದರು. ಗೇಣಿಯ ಹಕ್ಕೂ ಇಲ್ಲದ ಕೃಷಿಕೂಲಿಗಳಿಗೆ, ವಿಶೇಷವಾಗಿ ದಲಿತರಿಗೆ, ಅದರ ಲಾಭ ಅಲ್ಪವೇ ಆಗಿತ್ತೆಂಬುದೂ ಅಷ್ಟೇ ಸತ್ಯ. ಕೃಷಿಕರಲ್ಲದವರ ಭೂಖರೀದಿಗಿದ್ದ ತಡೆಯನ್ನು 2020ರ ತಿದ್ದುಪಡಿಯು ತೆಗೆದುಹಾಕಿದ್ದು, ಕಟ್ಟಳೆಗಳು ಯಾವ ದಿಕ್ಕಿಗಾದರೂ ತಿರುಗಬಲ್ಲವು ಎಂಬುದನ್ನು ನೆನಪಿಸುತ್ತದೆ.

ಸಾಂಸ್ಥಿಕ ಸಿದ್ಧಾಂತದ ದೌರ್ಬಲ್ಯವು ಇಲ್ಲಿಯೇ ಇದೆ. ಅದು ಕಟ್ಟಳೆಗಳ ಬಾಳಿಕೆಯನ್ನು ಸಮರ್ಥವಾಗಿ ವಿವರಿಸುತ್ತದೆ. ಅವುಗಳನ್ನು ಕಟ್ಟಿ ಮುರಿಯುವ ಸ್ಥಳೀಯ ರಾಜಕಾರಣವನ್ನು ಅಷ್ಟು ಸೂಕ್ಷ್ಮವಾಗಿ ಕಾಣುವುದಿಲ್ಲ. ಗೇಣಿ ರದ್ದತಿಯ ಹಿಂದೆ 1951ರ ಕಾಗೋಡು ಸತ್ಯಾಗ್ರಹದಂತಹ ರೈತ ಹೋರಾಟಗಳ ನೆನಪಿತ್ತು. 2012ರ ಸಂವಿಧಾನ ತಿದ್ದುಪಡಿಯು 371ಜೆ ವಿಧಿಯ ಮೂಲಕ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ನೀಡಿದುದರ ಹಿಂದೆಯೂ ದೀರ್ಘಕಾಲದ ಜನಾಗ್ರಹವಿತ್ತು.

‘ನಿಜಾಮನ ಕಾಲದಿಂದ ಬಂದ ಹಿಂದುಳಿದಿರುವಿಕೆ’ ಎಂಬ ಮಾತು ಒಂದು ಐತಿಹಾಸಿಕ ಸತ್ಯವಾಗಿ ಹುಟ್ಟಿ ಆಡಳಿತದ ನೆಪವಾಗಿ ಮುಂದುವರಿಯುವ ಅಪಾಯವಿದೆ. ನಿಜಾಮನ ಆಳ್ವಿಕೆ 1948ರಲ್ಲಿ ಮುಗಿಯಿತು. ಏಕೀಕರಣ 1956ರಲ್ಲಿ ಆಯಿತು. ಅನಂತರದ ದಶಕಗಳಲ್ಲಿ ಬಾರದ ಶಾಲೆಗೆ, ತುಂಬದ ಶಿಕ್ಷಕರ ಹುದ್ದೆಗೆ ಹಳೆಯ ದೊರೆಯೊಬ್ಬನೇ ಹೊಣೆಯಲ್ಲ. ಚರಿತ್ರೆಯು ಎಲ್ಲಿಂದ ಆರಂಭಿಸಬೇಕೆಂಬುದನ್ನು ಹೇಳಬಲ್ಲುದು; ಎಲ್ಲಿಗೆ ಸಲ್ಲಬೇಕೆಂಬ ನಿರ್ಧಾರ ವರ್ತಮಾನದ್ದು.