ಬಿಸಿಯ ಲೆಕ್ಕ, ಒರೆಗಲ್ಲಿನ ಮೇಲೆ

ಲಿನಕ್ಸ್ ಕಂಪ್ಯೂಟರಿನೊಳಗೆ ‘ಟೆಂಪ್1_ಇನ್‌ಪುಟ್’ ಎಂಬ ಫೈಲೊಂದಿರುತ್ತದೆ. ತೆರೆದರೆ ಒಂದೇ ಸಾಲು, ಒಂದೇ ಸಂಖ್ಯೆ: 45500. ಅಂದರೆ 45.5 ಡಿಗ್ರಿ ಸೆಲ್ಸಿಯಸ್. ಲಿನಕ್ಸ್‌ನ ತಿರುಳಾದ ಕರ್ನಲ್ ದಶಮಾಂಶದ ಗೋಜಿಗೆ ಹೋಗುವುದಿಲ್ಲ. ಡಿಗ್ರಿಯನ್ನು ಸಾವಿರ ಪಾಲು ಮಾಡಿ ಪೂರ್ಣಾಂಕದಲ್ಲೇ ಹೇಳಿ ಮುಗಿಸುತ್ತದೆ. ವೋಲ್ಟೇಜಾದರೆ ಮಿಲಿವೋಲ್ಟಿನಲ್ಲಿ, ಫ್ಯಾನಾದರೆ ನಿಮಿಷಕ್ಕೆ ಎಷ್ಟು ಸುತ್ತು ಎಂದು. ಚಿಪ್ ಯಾವ ಕಂಪನಿಯದೇ ಇರಲಿ, ಹೇಳುವ ರೀತಿ ಒಂದೇ. ಈ ಮಿತಭಾಷೆ ನನಗೆ ಬಲು ಇಷ್ಟ. ಆ ಸಂಖ್ಯೆ ದಿಟವೇ ಎಂದು ಒರೆಗೆ ಹಚ್ಚುವ ಕೆಲಸ ಅದಕ್ಕಿಂತಲೂ ಇಷ್ಟ.

ಲಿನಕ್ಸ್‌ನಲ್ಲಿ ಇಂಥ ಅಳತೆಗಳನ್ನು ಓದುವ ಕೆಲಸಕ್ಕೆ ಬುನಾದಿ ಹಾಕಿದ್ದು 1998ರಲ್ಲಿ ಶುರುವಾದ ‘ಎಲ್‌ಎಂ ಸೆನ್ಸರ್ಸ್’ ಎಂಬ ಯೋಜನೆ. ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಎಲ್‌ಎಂ75, ಎಲ್‌ಎಂ78 ಚಿಪ್‌ಗಳಿಂದ ಬಂದ ಹೆಸರದು. ಎಲ್‌ಎಂ75ರ ಮೇಲೆ ನನಗೆ ವಿಶೇಷ ಪ್ರೀತಿ. ಎಂಟು ಕಾಲಿನ ಪುಟ್ಟ ಚಿಪ್. ಮೈನಸ್ 55ರಿಂದ 125 ಡಿಗ್ರಿವರೆಗೆ ಅರ್ಧರ್ಧ ಡಿಗ್ರಿಯಾಗಿ ಬಿಸಿಯನ್ನು ಅಳೆದು ಎರಡು ತಂತಿಗಳ ಮೇಲೆ ಕಳಿಸುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಸಿಗುವುದು ಕಷ್ಟ.

ಇದರ ಡ್ರೈವರನ್ನು, ಅಂದರೆ ಚಿಪ್ಪಿನ ಮಾತನ್ನು ಓದಿ ಫೈಲಿಗೆ ಮುಟ್ಟಿಸುವ ಕರ್ನಲ್‌ನ ಭಾಗವನ್ನು, ಪರೀಕ್ಷಿಸಲು ಚಿಪ್ಪೇ ಬೇಕಿಲ್ಲ. ಕರ್ನಲ್‌ನಲ್ಲಿ ‘ಐಟುಸಿ-ಸ್ಟಬ್’ ಎಂಬ ಮಾಡ್ಯೂಲ್ ಇದೆ. ಒಂದು ವಿಳಾಸ ಕೊಟ್ಟು ಎಬ್ಬಿಸಿದರೆ ಆ ವಿಳಾಸದಲ್ಲಿ ಚಿಪ್ ಇರುವ ಹಾಗೆ ನಟಿಸುತ್ತದೆ. ಅದರ ರಿಜಿಸ್ಟರಿನಲ್ಲಿ ನಾವು ಏನು ಬರೆಯುತ್ತೇವೋ ಅದನ್ನೇ ಡ್ರೈವರ್ ಓದುತ್ತದೆ. ನೆತ್ತಿ ಸುಡುವ ಮಧ್ಯಾಹ್ನದಲ್ಲಿ ಕುಳಿತು ಡ್ರೈವರಿಗೆ ಮೈನಸ್ 25 ಡಿಗ್ರಿಯ ಚಳಿ ತೋರಿಸಬಹುದು! ಇಲ್ಲೊಂದು ಸೂಕ್ಷ್ಮವಿದೆ. ಎಲ್‌ಎಂ75 ತನ್ನ ಎರಡು ಬೈಟ್‌ಗಳಲ್ಲಿ ದೊಡ್ಡದನ್ನು ಮೊದಲು ಕಳಿಸುತ್ತದೆ, ತಂತಿಯ ಕಟ್ಟಳೆಯಾದರೋ ಚಿಕ್ಕದು ಮೊದಲು ಬರಲಿ ಎನ್ನುತ್ತದೆ. ಹಾಗಾಗಿ 25 ಡಿಗ್ರಿ ತೋರಿಸಬೇಕಾದರೆ ಸ್ಟಬ್‌ಗೆ ಹೆಕ್ಸ್ 1900 ಬರೆಯುವಂತಿಲ್ಲ, 0019 ಎಂದು ಮಗುಚಿ ಬರೆಯಬೇಕು. ಮಗುಚಿಕೊಳ್ಳುವುದನ್ನು ಡ್ರೈವರ್ ಮರೆತಿದ್ದರೆ 25 ಡಿಗ್ರಿ ಸೊನ್ನೆಯಾಗಿ ಕಾಣುತ್ತದೆ. ಮೈನಸ್ ಚಿಹ್ನೆಯನ್ನು ಮರೆತಿದ್ದರೆ ಮೈನಸ್ 25 ಹೋಗಿ 231 ಡಿಗ್ರಿಯಾಗುತ್ತದೆ. ಬೆಚ್ಚಗಿನ ಕೋಣೆಯಲ್ಲಿ ವರ್ಷಗಟ್ಟಲೆ ಬಳಸಿದರೂ ಈ ಎರಡನೆಯ ತಪ್ಪು ಹೊರಬೀಳದು. ಹುಡುಕಿಕೊಂಡು ಚಳಿಗೆ ಹೋದವರಿಗೇ ಅದು ಸಿಗುವುದು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯುವುದು ಮಿತಿಗಳ ಪರೀಕ್ಷೆ. ‘ಇಷ್ಟು ಬಿಸಿಯಾದರೆ ಎಚ್ಚರಿಸು’ ಎಂದು ನಾವು ಫೈಲಿನಲ್ಲಿ ಬರೆದಿಡುವ ಸಂಖ್ಯೆಯನ್ನು ಡ್ರೈವರ್ ಎರಡು ಹೆಜ್ಜೆಯಲ್ಲಿ ಚಿಪ್‌ಗೆ ಮುಟ್ಟಿಸುತ್ತದೆ: ಸಾವಿರದಿಂದ ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ತರುವುದು ಒಂದು, ಚಿಪ್‌ಗೆ ಹಿಡಿಸುವಷ್ಟಕ್ಕೆ ಕತ್ತರಿಸುವುದು ಇನ್ನೊಂದು. ಯಾವುದು ಮೊದಲಾದರೇನು ಎನಿಸುತ್ತದೆ. ಆದರೆ ಪರೀಕ್ಷಕರು ಬರೆಯುವುದು 80000 ಅಲ್ಲ. 64 ಬಿಟ್‌ಗಳಲ್ಲಿ ಹಿಡಿಸುವ ಅತಿ ಕೆಳಗಿನ ಸಂಖ್ಯೆ, ಮೈನಸ್ 9223372036854775808. ಋಣ ಸಂಖ್ಯೆಯನ್ನು ಹತ್ತಿರದ ಪೂರ್ಣಾಂಕಕ್ಕೆ ತರಲು ಮೊದಲು ಅದರಿಂದ 500 ಕಳೆಯಬೇಕು. ಕಳೆಯಲು ಕೆಳಗೆ ಜಾಗವೇ ಇಲ್ಲ! ಸಂಖ್ಯೆ ಪಾತಾಳದಿಂದ ಜಾರಿ ಆಕಾಶದಲ್ಲಿ ಮೇಲೇಳುತ್ತದೆ. ಅತಿ ತಂಪು ಕೇಳಿದವರಿಗೆ ಅತಿ ಬಿಸಿಯ ಮಿತಿ ಸಿಗುತ್ತದೆ. 2024ರಲ್ಲಿ ಇದೇ ದೋಷ ಎಲ್‌ಎಂ95234, ಎನ್‌ಸಿಟಿ6775 ಮೊದಲಾದ ಡ್ರೈವರ್‌ಗಳಲ್ಲಿ ಸಿಕ್ಕಿ ದುರಸ್ತಿಯಾಯಿತು. ಮದ್ದು ಇಷ್ಟೇ: ಮೊದಲು ಕತ್ತರಿಸು, ಆಮೇಲೆ ಭಾಗಿಸು. ಹೊಸದಾಗಿ ಏನನ್ನೂ ಸೇರಿಸದೆ, ಇದ್ದ ಎರಡು ಕ್ರಿಯೆಗಳನ್ನು ಹಿಂದುಮುಂದಾಗಿಸಿ ತಪ್ಪನ್ನು ಬುಡಸಮೇತ ಕಿತ್ತ ಆ ತಿದ್ದುಪಡಿಯನ್ನು ನಾನು ಮತ್ತೆ ಮತ್ತೆ ತೆಗೆದು ಓದಿದ್ದೇನೆ.

ಫ್ಯಾನಿನ ಸೊಗಸೇ ಬೇರೆ. ಕಂಪ್ಯೂಟರಿನ ಫ್ಯಾನ್ ಸಾಮಾನ್ಯವಾಗಿ ಒಂದು ಸುತ್ತಿಗೆ ಎರಡು ಮಿಡಿತ ಕೊಡುತ್ತದೆ. ಹಳೆಯ ಎಲ್‌ಎಂ78 ಮಿಡಿತಗಳನ್ನು ಎಣಿಸುವುದಿಲ್ಲ. ಒಂದು ಸುತ್ತು ಮುಗಿಯುವಷ್ಟರಲ್ಲಿ ತನ್ನ ಗಡಿಯಾರ ಎಷ್ಟು ಬಾರಿ ಬಡಿಯಿತೆಂದು ಎಣಿಸುತ್ತದೆ. ವೇಗ ಬೇಕಾದರೆ 1350000ವನ್ನು ಆ ಎಣಿಕೆಯಿಂದಲೂ ಒಂದು ಭಾಜಕದಿಂದಲೂ ಭಾಗಿಸಬೇಕು. ಭಾಜಕ 8 ಇದ್ದಾಗ ಎಣಿಕೆ 140 ಬಂದರೆ ವೇಗ 1205, 141 ಬಂದರೆ 1196. ಹಾರ್ಮೋನಿಯಂನ ಎರಡು ಮನೆಗಳ ನಡುವಿನ ಶ್ರುತಿಯಂತೆ 1200 ಎಂಬುದು ಇದರ ಬಾಯಿಂದ ಬರುವುದೇ ಇಲ್ಲ. ಎಣಿಕೆ 255ಕ್ಕೆ ನಿಲ್ಲುವುದರಿಂದ 500 ಸುತ್ತಿನಲ್ಲಿ ಮೆಲ್ಲಗೆ ತಿರುಗುವ ಫ್ಯಾನನ್ನೂ ಇದು ನಿಂತಿದೆ ಎಂದೇ ತಿಳಿಯುತ್ತದೆ. ಪರದೆಯ ಮೇಲೆ ಸೊನ್ನೆ ಕಂಡಾಗ ಅನುಭವಿ ಪರೀಕ್ಷಕರು ಮೊದಲು ಕಣ್ಣು ಹಾಯಿಸುವುದು ಫ್ಯಾನಿನ ಕಡೆಗೆ.

ಸ್ಟಬ್ ಬರೆದದ್ದನ್ನು ನೆನಪಿಡಬಲ್ಲದು, ಬಿಸಿಯಾಗಲಾರದು. ಅದಕ್ಕೇ ಕೊನೆಗೆ ನಿಜವಾದ ಚಿಪ್ಪೇ ಬೇಕು. ಎಲ್‌ಎಂ75ಕ್ಕೆ ಎರಡು ಮಿತಿಗಳುಂಟು. ವಿದ್ಯುತ್ ಹರಿದೊಡನೆ 80 ಮತ್ತು 75 ಎಂದು ತಾನೇ ಇಟ್ಟುಕೊಂಡಿರುತ್ತದೆ: 80 ದಾಟಿದರೆ ಎಚ್ಚರಿಕೆ, 75ಕ್ಕಿಂತ ಇಳಿದ ಮೇಲಷ್ಟೇ ಮೌನ. ಆ ಎಚ್ಚರಿಕೆಯ ಕಾಲಿನಿಂದಲೇ ಫ್ಯಾನ್ ನಡೆಸುವುದಾದರೆ, ಈ ಅಂತರ ಇಲ್ಲದಿದ್ದಲ್ಲಿ ಅದು ಗಳಿಗೆಗೊಮ್ಮೆ ತಿರುಗಿ ನಿಲ್ಲುತ್ತಿತ್ತು. ಪರೀಕ್ಷೆಗೆ ಮಿತಿಗಳನ್ನು 40ಕ್ಕೂ 35ಕ್ಕೂ ಇಳಿಸಿ, ಎಚ್ಚರಿಕೆಯ ಕಾಲಿಗೊಂದು ಎಲ್‌ಇಡಿ ಸಿಕ್ಕಿಸಿ, ಹೇರ್ ಡ್ರೈಯರಿನಿಂದ ಹದವಾಗಿ ಬಿಸಿಗಾಳಿ ಬಿಡಬೇಕು. ಏರುವಾಗ 38ರಲ್ಲಿ ದೀಪ ಆರಿರಬೇಕು. 40 ದಾಟಿಸಿ ತಣಿಯಲು ಬಿಟ್ಟರೆ, ಇಳಿಯುವಾಗ ಅದೇ 38ರಲ್ಲಿ ದೀಪ ಉರಿಯುತ್ತಿರಬೇಕು. ಫೈಲಿನಲ್ಲಿ ಎರಡು ಸಲವೂ ಇರುವುದು 38000; ಎರಡು ಉತ್ತರವೂ ಸರಿ.